ಮಡಚುವ ಲ್ಯಾಪ್‌ಟಾಪಿನಲ್ಲಿ ಕರಡು ತಿದ್ದಿದ ಎಂಟು ತಿಂಗಳು

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಪುಟವಿನ್ಯಾಸ ಮುಗಿದ ಪಿಡಿಎಫ್ ಕಡತವನ್ನು ಮುದ್ರಿಸಿಕೊಳ್ಳದೆ ಪರದೆಯ ಮೇಲೆಯೇ ಪೆನ್ನಿನಿಂದ ಗುರುತು ಹಾಕುತ್ತ ಹೋಗಬೇಕೆಂಬ ಆಸೆಯಿಂದ, 360 ಡಿಗ್ರಿ ಹಿಂದಕ್ಕೆ ಮಡಚಿಕೊಳ್ಳುವ ದುಬಾರಿ ಲ್ಯಾಪ್‌ಟಾಪೊಂದನ್ನು ಕೊಂಡೆ. 14 ಇಂಚಿನ ಒಎಲ್‌ಇಡಿ ಪರದೆ, ಲೋಹದ ಮೈ, ಜೊತೆಗೇ ಬಂದ ಪೆನ್ನು; ಮೇಜಿನ ಮೇಲಿಟ್ಟು ನೋಡಿದಾಗ ಯಾವ ಕೊರತೆಯೂ ಕಾಣಲಿಲ್ಲ. ಎಂಟು ತಿಂಗಳು ಬಳಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಅದನ್ನು ರೂಪಿಸಿದವರು ಕೀಲಿನ ಬಗ್ಗೆ ತುಂಬ ಯೋಚಿಸಿದ್ದಾರೆ, ಮಡಚಿದ ಮೇಲೆ ಅದನ್ನು ಹಿಡಿಯುವ ಕೈಯ ಬಗ್ಗೆ ಯೋಚಿಸಿಲ್ಲ.

ಇದರ ತೂಕ 1.4 ಕೆ.ಜಿ. ಚೀಲದಲ್ಲಿ ಹೊತ್ತೊಯ್ಯುವಾಗ ಹಗುರವೆನಿಸುವ ಈ ತೂಕ, ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ತಿದ್ದಲು ಕುಳಿತರೆ ಹತ್ತು ನಿಮಿಷದಲ್ಲಿ ಮಣಿಕಟ್ಟನ್ನು ಸೋಲಿಸುತ್ತದೆ. ಮಡಚಿದಾಗ ಕೀಬೋರ್ಡು ಹಿಂಬದಿಗೆ ಹೋಗುತ್ತದೆ. ಆಗ ಕೀಗಳು ಕೆಲಸ ಮಾಡುವುದಿಲ್ಲವೆಂಬುದು ನಿಜ, ಆದರೆ ಬೆರಳುಗಳ ಕೆಳಗೆ ಅವು ಒತ್ತಿಕೊಂಡು ಅಲುಗುತ್ತಲೇ ಇರುತ್ತವೆ, ಹಿಡಿತ ನಿಲ್ಲುವುದಿಲ್ಲ. ಪವರ್ ಬಟನ್ ಇರುವುದೂ ಸರಿಯಾಗಿ ಹೆಬ್ಬೆರಳು ಬೀಳುವ ಅಂಚಿನಲ್ಲಿ. ವಾಕ್ಯದ ನಡುವೆ ಪರದೆ ಕಪ್ಪಾದದ್ದು ಎಷ್ಟು ಸಲವೋ ಲೆಕ್ಕವಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ಪರದೆಯ ಆಕಾರ. 16:10 ಅನುಪಾತದ ಈ ಪರದೆಯನ್ನು ಉದ್ದಕ್ಕೆ ನಿಲ್ಲಿಸಿದರೆ ಅಗಲ 19 ಸೆಂ.ಮೀ.ಗೂ ತುಸು ಕಡಿಮೆ; ಎ4 ಹಾಳೆಯ ಅಗಲ 21 ಸೆಂ.ಮೀ. ಆದ್ದರಿಂದ ಪುಟ ಶೇ. 90ರಷ್ಟಕ್ಕೆ ಕುಗ್ಗುತ್ತದೆ, ಮೇಲೆ ಕೆಳಗೆ ಸೇರಿ ಸುಮಾರು ಮೂರೂವರೆ ಸೆಂ.ಮೀ. ಜಾಗ ವ್ಯರ್ಥವಾಗಿ ಉಳಿಯುತ್ತದೆ. ಬೇರೆ ಕೆಲಸಗಳಿಗೆ ಇದು ದೊಡ್ಡ ವಿಷಯವಲ್ಲದಿರಬಹುದು. ಆದರೆ ದಕಾರಕ್ಕೂ ಧಕಾರಕ್ಕೂ ಇರುವ ಭೇದ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಒತ್ತಕ್ಷರಗಳಂತೂ ಮೂಲದಲ್ಲೇ ಚಿಕ್ಕವು. ಅಕ್ಷರ ಕುಗ್ಗಿದಷ್ಟೂ ಕಣ್ಣು ತಪ್ಪುತ್ತದೆ, ಹಿಗ್ಗಿಸಿದರೆ ಸಾಲು ಪರದೆಯಾಚೆ ಸರಿಯುತ್ತದೆ. 3:2 ಅನುಪಾತದ ಪರದೆಯಾಗಿದ್ದರೆ ಪುಟದ ಆಕಾರಕ್ಕೆ ಎಷ್ಟೋ ಹತ್ತಿರವಿರುತ್ತಿತ್ತು.

ಇಷ್ಟು ಚೆಂದದ ಪರದೆಯ ಮೇಲೆ ಕನ್ನಡಿಯಂಥ ಗಾಜು ಹಾಕಿರುವುದರಿಂದ, ಹಿಂದೆ ಕಿಟಕಿಯಿದ್ದರೆ ಪುಟದ ಜೊತೆಗೆ ನನ್ನ ಮುಖವೂ ಕಾಣುತ್ತದೆ. ಪೆನ್ನು ಗಾಜಿನ ಮೇಲೆ ಜಾರುತ್ತದೆ. ಅಂಗೈ ಮೊದಲು ತಾಕಿ ಪೆನ್ನಿನ ತುದಿ ಆಮೇಲೆ ಬಂದರೆ ಪುಟ ಸರ್ರನೆ ಸರಿದುಹೋಗುತ್ತದೆ, ಏಕೆಂದರೆ ತುದಿ ಗಾಜಿಗೆ ತೀರ ಹತ್ತಿರ ಬರುವವರೆಗೂ ಪೆನ್ನು ಇದೆಯೆಂಬುದು ಯಂತ್ರಕ್ಕೆ ತಿಳಿಯದು. ಮಡಚದೆ ಬರೆಯೋಣವೆಂದರೆ ತಾಕಿದಾಗಲೆಲ್ಲ ಪರದೆ ತೂಗಾಡುತ್ತದೆ, ಎತ್ತಿದ ತೋಳು ಬಹಳ ಹೊತ್ತು ನಿಲ್ಲುವುದಿಲ್ಲ.

ಹಣ ಕೊಟ್ಟಾಗಿತ್ತು, ಕೆಲಸವೂ ನಿಲ್ಲುವಂತಿರಲಿಲ್ಲ. ಪವರ್ ಬಟನ್ ಒತ್ತಿದರೆ ಏನೂ ಆಗಬಾರದೆಂದು ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದೆ. ಪೆನ್ನು ಬಳಸುವಾಗ ಸ್ಪರ್ಶವನ್ನು ಕಡೆಗಣಿಸುವ ಆಯ್ಕೆಯನ್ನು ಆನ್ ಮಾಡಿದೆ. ಅಂಗೈಯ ತೊಂದರೆ ಇದರಿಂದ ಕಡಿಮೆಯಾಯಿತು, ಹೋಗಲಿಲ್ಲ. ಪರದೆ ತಾನಾಗಿ ತಿರುಗದಂತೆ ಲಾಕ್ ಮಾಡಿದೆ, ಆ ಗುಂಡಿ ಮಡಚಿದ ಮೇಲಷ್ಟೇ ಸಿಗುತ್ತದೆಂದು ತಿಳಿಯಲು ನನಗೆ ಒಂದು ವಾರವಾಯಿತು. ಒರಟು ಮೈಯ ಫಿಲ್ಮ್ ಅಂಟಿಸಿದ್ದರಿಂದ ಪ್ರತಿಬಿಂಬ ತಗ್ಗಿ ಪೆನ್ನಿಗೆ ಹಿಡಿತ ಸಿಕ್ಕಿತು, ಆದರೆ ಯಾವ ಸ್ಪಷ್ಟತೆಗಾಗಿ ಹೆಚ್ಚು ಹಣ ತೆತ್ತಿದ್ದೆನೋ ಅದರ ಒಂದು ಪಾಲು ಹೋಯಿತು. ಕೊನೆಗೆ ನೆರವಾದದ್ದು ಒಂದು ಓರೆಯಾದ ಮರದ ಹಲಗೆ. ಅದರ ಮೇಲೆ ರಬ್ಬರ್ ಹಾಸಿ, ಮಡಚಿದ ಲ್ಯಾಪ್‌ಟಾಪನ್ನು ಅಡ್ಡಲಾಗಿ ಮಲಗಿಸಿ, ಪುಟವನ್ನು ಅಗಲಕ್ಕೆ ಹೊಂದಿಸಿಕೊಂಡು ಅರ್ಧರ್ಧವಾಗಿ ಓದುತ್ತೇನೆ. ಅಕ್ಷರ ದೊಡ್ಡದಾಗಿ ಕಾಣುತ್ತದೆ, ಕೈಗೆ ಭಾರವಿಲ್ಲ. ಬಿಸಿಗಾಳಿ ಹೊರಹೋಗುವ ಕೀಲಿನ ಬದಿಯನ್ನು ಹಲಗೆಯ ಅಂಚಿನಿಂದ ಎರಡು ಬೆರಳಿನಷ್ಟು ಹೊರಗಿಡಬೇಕು, ಇಲ್ಲವಾದರೆ ಅರ್ಧ ಗಂಟೆಯಲ್ಲಿ ಫ್ಯಾನ್ ಜೋರಾಗಿ ತಿರುಗತೊಡಗುತ್ತದೆ.