ಬಾಟಲಿಗೆ ಸುತ್ತಿದ ದಾರ

ಗಾರ್ಮೆಂಟ್ಸ್ ಸೇರಿದ ಹೊಸತರಲ್ಲಿ ಪಕ್ಕದ ಮಷೀನಿನ ಅಕ್ಕ ನನಗೆ ಮೊದಲು ಹೇಳಿಕೊಟ್ಟದ್ದು ನೀರು ಕಡಿಮೆ ಕುಡಿಯುವುದನ್ನು. “ಟಾರ್ಗೆಟ್ ಮುಗಿಯೋವರೆಗೂ ಏಳೋಕಾಗಲ್ಲ ಕಣೇ, ಬಾಯಿ ಒಣಗಿದ್ರೆ ಒಂದು ಗುಟುಕು ಸಾಕು” ಅಂದಿದ್ದರು. ನನ್ನದು ಕಾಲರ್ ಹೊಲಿಯುವ ಕೆಲಸ. ಎದ್ದು ಹೋದರೆ ಪೀಸ್‌ಗಳು ಗುಡ್ಡೆ ಬೀಳುತ್ತಿದ್ದವು, ಸೂಪರ್‌ವೈಸರ್ ಗಡಿಯಾರ ನೋಡುತ್ತಿದ್ದರು. ಹಾಗಾಗಿ ಬೆಳಿಗ್ಗೆ ಕೂತರೆ ಊಟದ ಬೆಲ್ಲಿನವರೆಗೂ ಒಂದಕ್ಕೂ ಹೋಗುತ್ತಿರಲಿಲ್ಲ.

ಒಂದೇ ವರ್ಷದಲ್ಲಿ ಮೂರು ಸಲ ಉರಿಮೂತ್ರ ಬಂತು. ಅನುಭವಿಸಿದವರಿಗೇ ಗೊತ್ತು. ಹೋಗಬೇಕು ಹೋಗಬೇಕು ಅನ್ನಿಸುತ್ತದೆ, ಹೋದರೆ ನಾಲ್ಕು ಹನಿ, ಅಷ್ಟಕ್ಕೇ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿ. ಅಮ್ಮ ಫೋನಿನಲ್ಲೇ “ಉಷ್ಣ ಆಗಿದೆ” ಅಂತ ತೀರ್ಪು ಕೊಟ್ಟು ಬಾರ್ಲಿ ನೀರು, ಹೊಕ್ಕುಳಿಗೆ ಹರಳೆಣ್ಣೆ ಹೇಳಿದರು. ಎರಡನೇ ಸಲ ಡಾಕ್ಟರ್ ಐದು ದಿನದ ಮಾತ್ರೆ ಬರೆದರೆ, ಉರಿ ನಿಂತಿತಲ್ಲ ಅಂತ ಎರಡೇ ದಿನಕ್ಕೆ ಬಿಟ್ಟೆ. ಮಿಕ್ಕಿದ್ದನ್ನು ಡಬ್ಬಿಯಲ್ಲಿಟ್ಟು ಮುಂದಿನ ಸಲ ನಾನೇ ನುಂಗಿದೆ. ದಡ್ಡತನ, ಬೇರೆ ಮಾತಿಲ್ಲ. ಮೂರನೇ ಸಲ ಚಳಿ ಜ್ವರ, ಬೆನ್ನಿನ ಒಂದು ಪಕ್ಕ ನೋವು. ಸೋಂಕು ಕಿಡ್ನಿಗೆ ಹತ್ತಿತ್ತು. ಮೂತ್ರವನ್ನು ಕಲ್ಚರ್‌ಗೆ (ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ, ವರದಿ ನೋಡಿ ಔಷಧಿ ಬದಲಿಸಿದರು.

ಆಗ ನೋಡಿದ ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು. ಬಹಳ ಸಲ ಇದಕ್ಕೆ ಕಾರಣ ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ. ನಾನು ದಿನಾ ಹೊಲಿಯುವ ಕಾಲರ್‌ನ ಅಗಲ! ಅಷ್ಟು ದಾಟಿದರೆ ಮೂತ್ರಕೋಶ. ಆಗಾಗ ಮೂತ್ರಕ್ಕೆ ಹೋದರೆ ಬ್ಯಾಕ್ಟೀರಿಯಾ ತೊಳೆದುಕೊಂಡು ಹೋಗುತ್ತದೆ, ಕಟ್ಟಿಕೊಂಡು ಕೂತರೆ ಅಲ್ಲೇ ಬೆಳೆಯುತ್ತದೆ. ಪದೇ ಪದೇ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂದಿತ್ತು. ದಿನಕ್ಕೆ ಒಂದೂವರೆ ಲೀಟರ್ ಜಾಸ್ತಿ ಕುಡಿದವರಲ್ಲಿ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಸರಿ, ಆದರೆ ಲೈನಿನಲ್ಲಿ ಕೂತು ನೆನಪಿಟ್ಟು ಕುಡಿಯುವುದು ಹೇಗೆ? ಲೀಟರ್ ಬಾಟಲಿಗೆ ಹೊಲಿಗೆ ದಾರ ಸುತ್ತಿದೆ. ಟೀ ಹೊತ್ತಿಗೆ ನೀರು ಕೆಂಪು ದಾರಕ್ಕೆ ಇಳಿದಿರಬೇಕು, ಊಟಕ್ಕೆ ಹಳದಿಗೆ, ನಾಲ್ಕು ಗಂಟೆಗೆ ತಳದ ನೀಲಿಗೆ. ಉಳಿದದ್ದು ಮನೆಯಲ್ಲಿ. (ಕಿಡ್ನಿ, ಹಾರ್ಟ್ ತೊಂದರೆಗೆ ನೀರು ಕಡಿಮೆ ಕುಡಿಯಿರಿ ಅಂತ ಹೇಳಿಸಿಕೊಂಡವರು ಹೀಗೆ ಮಾಡಬೇಡಿ, ಡಾಕ್ಟರನ್ನು ಕೇಳಿ.)

ಕುಡಿದ ಮೇಲೆ ಏಳಲೇಬೇಕಲ್ಲ. “ಏನಮ್ಮಾ, ದಿನಾ ಇದೇ ಆಯ್ತಾ?” ಅಂದರು ಸೂಪರ್‌ವೈಸರ್. ನಾಚಿಕೆ ಬಿಟ್ಟು ಗಟ್ಟಿಯಾಗೇ ಹೇಳಿದೆ, “ಉರಿಮೂತ್ರ ಸರ್, ಡಾಕ್ಟರ್ ಚೀಟಿ ತೋರಿಸ್ಲಾ?” ಚೀಟಿ ನೋಡುವ ಧೈರ್ಯ ಅವರಿಗೆ ಬರಲಿಲ್ಲ. ಹೋಗಿಬರಲು ನಾಲ್ಕು ನಿಮಿಷ, ನಾನೇ ಲೆಕ್ಕ ಹಾಕಿದ್ದೇನೆ. ಕುಡಿಯುವ ನೀರು, ಶೌಚಾಲಯ ಎರಡೂ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದವು ಅಂತ ಆಮೇಲೆ ತಿಳಿಯಿತು.

ಮಿಕ್ಕಿದ್ದು ಸಣ್ಣಪುಟ್ಟದ್ದು. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ. ಗಂಡನ ಜೊತೆ ಸೇರಿದ ಮೇಲೆ ಒಮ್ಮೆ ಒಂದಕ್ಕೆ ಹೋಗಿ ಬರುವುದು. ಘಮಘಮ ಅನ್ನುವ ವಾಶ್‌ಗಳನ್ನು ಬಿಟ್ಟೆ. ಅಮ್ಮನ ಬಾರ್ಲಿ ನೀರು ಈಗಲೂ ಕುಡಿಯುತ್ತೇನೆ, ಅದೂ ನೀರೇ ಅಲ್ವಾ?

ಎರಡು ವರ್ಷದಲ್ಲಿ ಒಂದೇ ಸಲ ಬಂದಿದೆ. ಆ ಸಲ ಮಾತ್ರೆ ಪೂರ್ತಿ ಮುಗಿಸಿದೆ. ಪಕ್ಕದ ಅಕ್ಕನ ಬಾಟಲಿಗೂ ನಾನೇ ದಾರ ಸುತ್ತಿ ಕೊಟ್ಟಿದ್ದೇನೆ. ಊಟದ ಬೆಲ್ ಹೊಡೆದಾಗ ನೋಡಿದರೆ ಅವರ ನೀರು ಇನ್ನೂ ಕೆಂಪು ದಾರದ ಮೇಲೇ ಇರುತ್ತದೆ.