ಸುಸ್ಥಿರ ಮೀನು ಕೃಷಿ ಓದಲು ಹೊರಟವರಿಗೆ

ನೀರು ಕೆಡದಂತೆ ಮೀನು, ಸಿಗಡಿ, ಪಚ್ಚಿಲೆಗಳನ್ನು (ಎರಡು ಚಿಪ್ಪುಗಳ ನಡುವೆ ಬದುಕುವ ಕಡಲ ಮೃದ್ವಂಗಿ) ಬೆಳೆಸುವುದನ್ನು ಕಲಿಯಬಯಸುವ ಪಿಯುಸಿ ವಿದ್ಯಾರ್ಥಿಗಳು ‘ಸುಸ್ಥಿರ’ ಎಂಬ ಹೆಸರು ಹೊತ್ತ ಪದವಿಯನ್ನೇ ಹುಡುಕಬೇಕಾಗಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಇರುವ ನೇರ ದಾರಿ ನಾಲ್ಕು ವರ್ಷಗಳ ಬಿ.ಎಫ್.ಎಸ್ಸಿ. (ಮೀನುಗಾರಿಕಾ ವಿಜ್ಞಾನ) ಪದವಿ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ದೇಶದಲ್ಲೇ ಮೊದಲನೆಯದು. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು, ಸಿಇಟಿ ಬರೆಯಬೇಕು. ರೈತ ಕುಟುಂಬದವರು ಕೃಷಿಕರ ಕೋಟಾದ ದಾಖಲೆಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಸೇರಿದ ಮೇಲೆ ಹೆಚ್ಚು ಶ್ರಮ ಹಾಕಬೇಕಾದದ್ದು ನೀರಿನ ರಸಾಯನಶಾಸ್ತ್ರಕ್ಕೆ. ರಾತ್ರಿಯಿಡೀ ಪಾಚಿಯೂ ಮೀನೂ ಉಸಿರಾಡುವುದರಿಂದ ಕೊಳದ ಆಮ್ಲಜನಕ ಬೆಳಗಿನ ಜಾವಕ್ಕೆ ಅತಿ ಕಡಿಮೆಯಾಗುತ್ತದೆ, ಪಿಎಚ್ ಮತ್ತು ಉಷ್ಣತೆ ಏರಿದಂತೆ ಅಮೋನಿಯಾದ ವಿಷ ಹೆಚ್ಚುತ್ತದೆ. ಇವೆರಡನ್ನು ಸ್ವತಃ ಅಳೆದು ನೋಡದವರಿಗೆ ರೋಗಶಾಸ್ತ್ರದ ಪಾಠ ಅರ್ಧವೇ ಅರ್ಥವಾದೀತು.

ಎರಡನೆಯದು ಆಹಾರದ ಲೆಕ್ಕ. ಒಂದು ಕಿಲೋ ಮೀನಿಗೆ ಎಷ್ಟು ಕಿಲೋ ಆಹಾರ ಹೋಯಿತು ಎಂಬುದರ ಜೊತೆಗೆ, ಆ ಆಹಾರದಲ್ಲಿರುವ ಮೀನುಹಿಟ್ಟು ಎಲ್ಲಿಂದ ಬಂತು ಎಂದೂ ಕೇಳುವುದನ್ನು ರೂಢಿಸಿಕೊಳ್ಳಿ: ಸಮುದ್ರದ ಬೂತಾಯಿ ಮೀನನ್ನು ಪುಡಿಮಾಡಿ ಸಿಗಡಿಗೆ ಹಾಕಿದರೆ ಕಡಲ ಮೇಲಿನ ಹೊರೆ ಇಳಿದಂತಾಗುವುದಿಲ್ಲ. ನೀರನ್ನು ಸೋಸಿ ತನ್ನ ಆಹಾರವನ್ನು ತಾನೇ ಪಡೆಯುವ ಪಚ್ಚಿಲೆಗೆ ಈ ಖರ್ಚೇ ಇಲ್ಲ, ಆದರೆ ಸುತ್ತಲಿನ ನೀರು ಕೊಳಕಾಗಿದ್ದರೆ ಆ ಕೊಳಕೂ ಅದರ ಮಾಂಸದಲ್ಲಿ ಸೇರುತ್ತದೆ.

ಪಠ್ಯದಲ್ಲಿ ಸಂಕ್ಷಿಪ್ತವಾಗಿ ಬರುವ ಕಾನೂನನ್ನು ಪರೀಕ್ಷೆಗಷ್ಟೇ ಓದಿ ಬಿಡಬೇಡಿ. ಕರಾವಳಿಯ ಸಿಗಡಿ ಕೃಷಿಯ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪನ್ನು ಮೂಲದಲ್ಲೇ ಓದಿದರೆ, ಉಪ್ಪುನೀರು ಹೊಲಕ್ಕೂ ಬಾವಿಗೂ ನುಗ್ಗಿದ ದೂರುಗಳು 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆಯ ಹಿನ್ನೆಲೆಯಲ್ಲಿ ಹೇಗಿವೆ ಎಂಬುದು ತಿಳಿಯುತ್ತದೆ. ರಜೆಯಲ್ಲಿ ಕುಮಟಾ ಕಡೆಯ ಅಘನಾಶಿನಿ ನದಿಯ ಗಜನಿಗಳಿಗೂ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಹೋಗಿಬನ್ನಿ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಅನಂತರ ಅದೇ ನೆಲದಲ್ಲಿ ಸಿಗಡಿ ಎಂಬ ಪದ್ಧತಿಯನ್ನು ಅಲ್ಲಿಯ ರೈತರಿಗಿಂತ ಚೆನ್ನಾಗಿ ಬೇರೆ ಯಾರೂ ವಿವರಿಸಲಾರರು.

ಕೊನೆಯ ವರ್ಷದ ತರಬೇತಿಗೆ ಹೋದಲ್ಲಿ ಮರಿಗಳ ಬಿತ್ತನೆ, ಸಾವು, ಔಷಧಿ ಬಳಕೆಯ ದಾಖಲೆ ಪುಸ್ತಕವನ್ನು ತೋರಿಸಲು ಕೇಳಿ, ಅದನ್ನು ನೀವೂ ಬರೆದು ಕಲಿಯಿರಿ. ಮುಂದೆ ಸ್ನಾತಕೋತ್ತರ ಓದುವ ಮನಸ್ಸಿದ್ದರೆ 1961ರಲ್ಲಿ ಸ್ಥಾಪನೆಯಾದ ಮುಂಬಯಿಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಿದೆ. ಅದಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕಾಗುವುದರಿಂದ ಮೂರನೇ ವರ್ಷದಲ್ಲೇ ತಯಾರಿ ಆರಂಭಿಸಬಹುದು.