ಒಂದು ತಾರೀಖಿನ ಕೆಳಗೆ ಏನು ಬರೀಬೇಕು: ‘ಇತಿಹಾಸದಲ್ಲಿ ಈ ದಿನ’ ಪಟ್ಟಿ ಮಾಡೋ ನನ್ನ ಅನುಭವ

ದಿನಕ್ಕೊಂದು ತಾರೀಖು ತಗೊಂಡು ಆವತ್ತು ಚರಿತ್ರೆಯಲ್ಲಿ ಏನೇನಾಯ್ತು ಅಂತ ಪಟ್ಟಿ ಮಾಡೋದು ನಂಗೆ ತುಂಬ ಕಾಲದಿಂದ ಇರೋ ಕೆಲಸ. ಘಟನೆ ಹುಡುಕೋದು ಸುಲಭ, ಎಲ್ಲಾ ಕಡೆ ಸಿಗತ್ತೆ. ಸಮಯ ಹಿಡಿಯೋದು ಅದು ನಿಜವಾಗಿ ಆ ತಾರೀಖಿಗೇ ಸೇರತ್ತಾ ಅಂತ ನೋಡೋದಕ್ಕೆ.

ನನ್ನ ಎಕ್ಸೆಲ್ ಶೀಟಲ್ಲಿ ವರ್ಷದ ಪಕ್ಕದಲ್ಲೇ ಊರು, ಯಾವ ಕ್ಯಾಲೆಂಡರು, ಅಲ್ಲಿನ ಗಂಟೆ ಎಷ್ಟು ಅಂತ ಬೇರೆ ಬೇರೆ ಕಾಲಂ ಇಟ್ಟಿದೀನಿ, ಅದು ತುಂಬದೇ ಯಾವ ಘಟನೆನೂ ಪಟ್ಟಿಗೆ ಹೋಗಲ್ಲ. ಯಾಕೆ ಅಂದ್ರೆ, ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ್ದು ಅಂತ ಒಂದು ಮಾತು ಓಡಾಡ್ತಾ ಇರತ್ತೆ, ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ. ಗೆಲಿಲಿಯೋ ತೀರಿಕೊಂಡಿದ್ದು 1642 ಜನವರಿ 8, ಅದು ಇಟಲಿ, ಅಲ್ಲಿ ಆಗಲೇ ಗ್ರೆಗೋರಿಯನ್ ಕ್ಯಾಲೆಂಡರ್, ಅಂದ್ರೆ ಈಗ ನಾವು ಬಳಸೋ ಹೊಸ ಲೆಕ್ಕ, ಇತ್ತು. ನ್ಯೂಟನ್ ಹುಟ್ಟಿದ್ದು 1642 ಡಿಸೆಂಬರ್ 25, ಆದ್ರೆ ಅದು ಇಂಗ್ಲೆಂಡು, ಅಲ್ಲಿ ಇನ್ನೂ ಹಳೇ ಜೂಲಿಯನ್ ಲೆಕ್ಕ, ಎರಡಕ್ಕೂ ಹತ್ತು ದಿನದ ವ್ಯತ್ಯಾಸ. ನ್ಯೂಟನ್ ತಾರೀಖನ್ನ ಹೊಸ ಲೆಕ್ಕಕ್ಕೆ ತಂದ್ರೆ 1643 ಜನವರಿ 4 ಆಗತ್ತೆ. ಸರಿ, ಉಲ್ಟಾ ಮಾಡೋಣ ಅಂತ ಗೆಲಿಲಿಯೋನ ಹಳೇ ಲೆಕ್ಕಕ್ಕೆ ತಂದ್ರೆ 1641 ಡಿಸೆಂಬರ್ 29ಕ್ಕೆ ಹೋಗತ್ತೆ. ಅಂದ್ರೆ ಯಾವ ಒಂದೇ ಕ್ಯಾಲೆಂಡರ್ ಹಿಡ್ಕೊಂಡ್ರೂ ಇಬ್ರೂ ಒಂದೇ ವರ್ಷಕ್ಕೆ ಬರಲ್ಲ! ಇಂಥದ್ದು ಸಿಕ್ಕಾಗ ನಂಗಾಗೋ ಖುಷಿನೇ ಬೇರೆ.

ಹಾಗಾಗಿ ಯಾವ ದೇಶ ಯಾವಾಗ ಬದಲಾಯ್ತು ಅನ್ನೋದನ್ನ ಪಕ್ಕದಲ್ಲೇ ಇಟ್ಕೊಂಡಿರ್ತೀನಿ. ಇಟಲಿ, ಸ್ಪೇನ್ 1582ರಲ್ಲಿ, ಅಕ್ಟೋಬರ್ 4 ಆದ್ಮೇಲೆ ಸೀದಾ 15. ಬ್ರಿಟನ್ 1752ರಲ್ಲಿ, ಸೆಪ್ಟೆಂಬರ್ 2ರ ಮಾರನೇ ದಿನ 14. ರಷ್ಯಾ 1918ರವರೆಗೂ ಬದಲಾಯಿಸಲೇ ಇಲ್ಲ, ಅದಕ್ಕೇ ಅಕ್ಟೋಬರ್ ಕ್ರಾಂತಿ ನನ್ನ ಪಟ್ಟಿಯಲ್ಲಿ ನವೆಂಬರ್ 7ಕ್ಕೆ ಬರತ್ತೆ, ಬ್ರಾಕೆಟ್ಟಲ್ಲಿ ಹಳೇ ಲೆಕ್ಕದ ಅಕ್ಟೋಬರ್ 25 ಅಂತ ಹಾಕ್ತೀನಿ. ಷೇಕ್ಸ್‌ಪಿಯರ್ ತೀರಿಕೊಂಡ 1616 ಏಪ್ರಿಲ್ 23ಕ್ಕೂ ಇದೇ ಕಥೆ, ಹೊಸ ಲೆಕ್ಕದಲ್ಲಿ ಅದು ಮೇ 3.

ಗಡಿಯಾರದ ತೊಂದ್ರೆ ಇಷ್ಟೇ ದೊಡ್ಡದು. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಅಮೆರಿಕದ ಪೂರ್ವ ಭಾಗದಲ್ಲಿ 1969 ಜುಲೈ 20ರ ರಾತ್ರಿ 10:56, ಯುಟಿಸಿ (ಇಡೀ ಜಗತ್ತಿಗೆ ಒಂದೇ ಆಗಿರೋ ಪ್ರಮಾಣಿತ ಸಮಯ) ಪ್ರಕಾರ ಆಗಲೇ 21. ಪರ್ಲ್ ಹಾರ್ಬರ್ ದಾಳಿ ಹವಾಯಿಯಲ್ಲಿ 1941 ಡಿಸೆಂಬರ್ 7, ಜಪಾನಲ್ಲಿ 8. ಘಟನೆ ನಡೆದ ಜಾಗದ ಗಂಟೆನೇ ನಾನು ಹಿಡಿಯೋದು, ಚಂದ್ರನಿಗೆ ಮಾತ್ರ ಯುಟಿಸಿ ಹಾಕಿ ಎರಡೂ ಬರೀತೀನಿ.

ಇನ್ನು ಕೆಲವು ಒಂದೇ ದಿನಕ್ಕೆ ಮುಗಿಯೋದೇ ಇಲ್ಲ. 1945ರಲ್ಲಿ ಜರ್ಮನಿಯ ಶರಣಾಗತಿಗೆ ಮೇ 7ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ ಸಹಿ ಬಿತ್ತು, 8ರ ರಾತ್ರಿ ಜಾರಿಗೆ ಬಂತು, ಬರ್ಲಿನ್ನಲ್ಲಿ ಇನ್ನೊಂದು ಸಹಿ ಆಗೋವಾಗ ಮಾಸ್ಕೋದಲ್ಲಿ 9 ಆಗಿತ್ತು. ಮೂರೂ ತಾರೀಖಲ್ಲಿ ಹಾಕ್ಬಹುದು, ಆದ್ರೆ ಯಾವುದು ಸಹಿ, ಯಾವುದು ಜಾರಿ ಅಂತ ಬಿಡಿಸಿ ಹೇಳ್ಲೇಬೇಕು. ಹಳೇ ಪೇಪರ್ ನೋಡಿ ತಾರೀಖು ತಗೊಳ್ಳೋರು ಇದೊಂದು ನೆನಪಿಟ್ಕೊಳ್ಳಿ, ಎವರೆಸ್ಟ್ ಹತ್ತಿದ್ದು 1953 ಮೇ 29, ಲಂಡನ್ ಪೇಪರಲ್ಲಿ ಬಂದಿದ್ದು ಜೂನ್ 2ಕ್ಕೆ.

ಇಷ್ಟೆಲ್ಲಾ ಆದ್ಮೇಲೆ ಆಯ್ಕೆ. ನಂಗೆ ಅತಿ ಹೆಚ್ಚು ಯೋಚನೆ ಮಾಡಿಸಿದ ದಿನ ನವೆಂಬರ್ 9, ಅದೂ ಒಂದೇ ದೇಶದ್ದು. 1918ರಲ್ಲಿ ಕೈಸರ್, ಅಂದ್ರೆ ಜರ್ಮನಿಯ ಚಕ್ರವರ್ತಿಯ, ಪದತ್ಯಾಗದ ಘೋಷಣೆ, ಜರ್ಮನಿ ಗಣರಾಜ್ಯ ಆಯ್ತು. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ ಮುರಿದು ಬಿತ್ತು. 1938ರಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿದ್ರು, ಅಂಗಡಿ ಪುಡಿ ಮಾಡಿದ್ರು. 1989ರಲ್ಲಿ ಬರ್ಲಿನ್ ಗೋಡೆ ತೆರೀತು. ಮೊದಮೊದಲು ಇದನ್ನ ಕಾಕತಾಳೀಯ ಅನ್ನೋ ಥರ ನೋಡೋರೇ ಜಾಸ್ತಿ, ಆದ್ರೆ 1938ರ ಆ ಸಂಜೆ ನಾಜಿ ನಾಯಕರೆಲ್ಲ ಮ್ಯೂನಿಕ್‌ನಲ್ಲಿ ಸೇರಿದ್ದೇ 1923ರ ದಂಗೆಯ ನೆನಪಿನ ಸಭೆಗೆ, ಅಲ್ಲೇ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಭಾಷಣ ಮಾಡಿದ್ದು, ಅಲ್ಲಿಂದಲೇ ದಾಳಿಗೆ ಫೋನ್ ಮೇಲೆ ಫೋನ್ ಹೋಗಿದ್ದು. ತಾರೀಖೇ ಇಲ್ಲಿ ಒಂದು ಕಾರಣ. 1989ರದ್ದು ಹಾಗಲ್ಲ, ಪೂರ್ವ ಜರ್ಮನಿಯ ಆಡಳಿತ ಪಕ್ಷದ ಮುಖಂಡ ಶಾಬೋವ್ಸ್ಕಿಗೆ ಪ್ರೆಸ್‌ಮೀಟಲ್ಲಿ ಪ್ರಯಾಣದ ಹೊಸ ನಿಯಮ ಯಾವಾಗಿಂದ ಅಂತ ಕೇಳಿದ್ರು, ಅವ್ರು ಕೈಯಲ್ಲಿದ್ದ ಕಾಗದ ತಿರುವಿ ಹಾಕಿ ತಮಗೆ ಗೊತ್ತಿರೋ ಮಟ್ಟಿಗೆ ಈಗಿಂದಲೇ ಅಂದುಬಿಟ್ರು, ಜನ ಗೇಟ್ ಹತ್ರ ನುಗ್ಗಿದ್ರು, ರಾತ್ರಿಯೊಳಗೆ ಗೋಡೆ ದಾಟಿದ್ರು.

ಈ ನಾಲ್ಕನ್ನೂ ವರ್ಷದ ಕ್ರಮದಲ್ಲೇ ಇಡ್ತೀನಿ, ಖುಷಿಯ ಸುದ್ದಿ ಅಂತ 1989ನ್ನ ಮೇಲಕ್ಕೆ ತರಲ್ಲ. 1938ರ ಸಾಲಿನ ಪಕ್ಕ 1923 ನೋಡಿ ಅಂತ ಹಾಕ್ತೀನಿ. ಜರ್ಮನಿಯ ರಾಷ್ಟ್ರೀಯ ದಿನ ಇರೋದು ಅಕ್ಟೋಬರ್ 3ಕ್ಕೆ, 1990ರಲ್ಲಿ ಎರಡೂ ಭಾಗ ಒಂದಾದ ದಿನ, ಆ ಪುಟದ ಕೆಳಗೂ ನವೆಂಬರ್ 9 ನೋಡಿ ಅಂತ ಬರೆದಿಟ್ಟಿದೀನಿ.